ಸಹಿ ಹಾಕಿದ ಮೇಲೆ ಏನು? ಬೆನಗಲ್ ನರಸಿಂಗ ರಾಯರ ಬದುಕು

ಮೊದಲ ವರ್ಷದಲ್ಲಿ ನಾವೆಲ್ಲ ಸಂವಿಧಾನದ ಪೇಪರ್ ಬರೆದು ಬಂದೋರೇ. ಒಂದೇ ಕ್ರೆಡಿಟ್ಟು. ನಾಲ್ಕು ಉತ್ತರದಾಗ ಒಂದು ಆರಿಸಿ ಗುಂಡಗೆ ಕಪ್ಪು ಮಾಡೋದು. ಪರೀಕ್ಷೆಗೆ ಎರಡು ದಿನ ಇರುವಾಗ ಸೀನಿಯರ್‌ಗಳು ಕಳಿಸಿದ ಪಿಡಿಎಫ್ ತೆಗೆದು ಕಣ್ಣಾಡಿಸೋದು. ನಮ್ಮ ತಪ್ಪು ನಾವೇ ಒಪ್ಕೋತೀವಿ, ಹಾಲ್‌ನಿಂದ ಹೊರಗೆ ಬಂದು ಕ್ಯಾಂಟೀನ್ ಮುಟ್ಟೋದರೊಳಗೆ ಮುಕ್ಕಾಲು ಭಾಗ ಮರೆತುಹೋಗಿತ್ತು. ಆ ಪಿಡಿಎಫ್‌ನಲ್ಲಿ ಒಂದು ಪ್ರಶ್ನೆ ಇತ್ತು: ಸಂವಿಧಾನ ಸಭೆಯ ಸಂವಿಧಾನ ಸಲಹೆಗಾರರು ಯಾರು? ಉತ್ತರ, ಬಿ. ಎನ್. ರಾವ್. ಇನ್ನೊಂದು ಪ್ರಶ್ನೆ: ಅಂತರರಾಷ್ಟ್ರೀಯ ಒಪ್ಪಂದಗಳನ್ನು ಜಾರಿಗೆ ತರಲು ಸಂಸತ್ತು ಯಾವ ವಿಧಿಯಡಿ ಕಾನೂನು ಮಾಡಬಹುದು? ಉತ್ತರ, 253. ಎರಡೂ ಸರಿ ಬರೆದಿದ್ವಿ. ಎರಡಕ್ಕೂ ಏನಾದ್ರೂ ಸಂಬಂಧ ಐತೇನು ಅಂತ ಮಾತ್ರ ಕೇಳಿಕೊಂಡಿರಲಿಲ್ಲ.

ಕೇಳಿಕೊಳ್ಳೋ ಹಂಗ ಮಾಡಿದ್ದು ವರ್ಕ್‌ಶಾಪಿನ ಒಂದು ಡ್ರಮ್ಮು. ಎರಡನೇ ವರ್ಷ ಲೇತ್ ಮೇಲೆ ಜಾಬ್ ಮಾಡುವಾಗ ಬಿಳೀ ಹಾಲಿನಂಥ ಕೂಲಂಟ್ ಸುರೀತಿರ್ತದಲ್ಲ, ಅಂಥ ದ್ರವದಲ್ಲಿ ಏನೇನು ಇರ್ತದೆ ಅಂತ ಒಂದು ಸುರಕ್ಷತಾ ಹಾಳೆ ಸಿಕ್ಕಿತು. ಅದರಲ್ಲಿ ಟ್ರೈಇಥನಾಲಮೈನ್ ಅಂತ ಒಂದು ಹೆಸರು. ದೇಸೂರ ಸ್ಟೇಷನ್‌ನಲ್ಲಿ ಖಾನಾಪುರದ ಕಡೆ ಹೋಗೋ ಗಾಡಿ ಕಾಯುತ್ತ ಕೂತಾಗ, ಟೈಂಪಾಸ್‌ಗೆ ಅಂತ ಫೋನ್‌ನಲ್ಲಿ ಹುಡುಕಿದ್ವಿ. ಸೋಪು, ಕ್ರೀಮು, ಸಿಮೆಂಟು ಅರೆಯುವಾಗ ಹಾಕೋ ದ್ರವ, ಕಟಿಂಗ್ ಆಯಿಲ್, ಎಲ್ಲದರಲ್ಲೂ ಬಳಸ್ತಾರೆ ಅಂತ ಬಂತು. ಅದರ ಕೆಳಗೆ ಇನ್ನೊಂದು ಸಾಲು: ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ ಮೂರನೇ ಅನುಸೂಚಿಯಲ್ಲಿ ಈ ಪದಾರ್ಥ ಇದೆ. ನಾವು ಮೂರೂ ಮಂದಿ ಮುಖ ಮುಖ ನೋಡಿಕೊಂಡ್ವಿ. ಮುಖಕ್ಕೆ ಹಚ್ಚೋ ಕ್ರೀಮಿನಲ್ಲಿ ಇರೋ ವಸ್ತು ಯುದ್ಧದ ಒಪ್ಪಂದದಲ್ಲಿ ಯಾಕೆ? ಎಲ್ಲೋ ಯುರೋಪಿನಲ್ಲಿ ಸಹಿ ಆದ ಕಾಗದ ಮಚ್ಛೆ, ಉದ್ಯಮಬಾಗದ ಕಾರ್ಖಾನೆಗಳ ತನಕ ಹೆಂಗ ಬಂದು ಮುಟ್ಟಿತು? ಆ ದಾರಿ ಹುಡುಕಿಕೊಂಡು ಹೋದಾಗ ಸಿಕ್ಕವರು ಮಂಗಳೂರಿನ ಈ ಮನುಷ್ಯ. ಅವರು ಇಂಜಿನಿಯರ್ ಅಲ್ಲ. ಆದರೆ ಓದಿದ್ದು ಗಣಿತ ಮತ್ತು ಭೌತಶಾಸ್ತ್ರ.

ಗಣಿತದ ಹುಡುಗ

ಬೆನಗಲ್ ನರಸಿಂಗ ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಆಗಿನ ದಕ್ಷಿಣ ಕೆನರಾ ಜಿಲ್ಲೆಯ ಒಂದು ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ. ತಂದೆ ರಾಘವೇಂದ್ರ ರಾಯರು ಹೆಸರಾದ ಡಾಕ್ಟರು. ಮನೆಯ ಮಾತು ಕೊಂಕಣಿ, ಹೊರಗೆ ಕನ್ನಡ, ತುಳು, ಶಾಲೆಯಲ್ಲಿ ಇಂಗ್ಲಿಷು. ಖಾನಾಪುರದ ಕಡೆಯಿಂದ ಬರೋ ನಮಗೆ ಇದೇನು ಹೊಸದಲ್ಲ, ಮನೆಯಲ್ಲಿ ಒಂದು, ಬಸ್ಸಿನಲ್ಲಿ ಒಂದು, ಕ್ಲಾಸಿನಲ್ಲಿ ಒಂದು ಮಾತು ಆಡಿಕೊಂಡೇ ಬೆಳೆದೋರು ನಾವು. ಇವರ ತಮ್ಮಂದಿರೂ ಸಾಮಾನ್ಯರಲ್ಲ. ಬೆನಗಲ್ ರಾಮ ರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಬಿ. ಶಿವರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು.

ನರಸಿಂಗ ರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಇಡೀ ಮದ್ರಾಸ್ ಪ್ರಾಂತ್ಯಕ್ಕೇ ಮೊದಲಿಗರಾಗಿ ಪಾಸಾದರು. 1905ರಲ್ಲಿ ಪದವಿ ಮುಗಿಸಿದಾಗ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ. ಮರುವರ್ಷ ಗಣಿತದಲ್ಲಿ ಮತ್ತೊಂದು. ಈಗಿನ ಯಾವ ಬ್ರಾಂಚಿನಲ್ಲೂ ಈ ಮೂರು ವಿಷಯ ಒಟ್ಟಿಗೆ ಕೊಡಲ್ಲ. ಸ್ಕಾಲರ್‌ಶಿಪ್ ಸಿಕ್ಕಿ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. 1909ರಲ್ಲಿ ಅಲ್ಲಿಯ ಟ್ರೈಪಾಸ್ ಮುಗಿಸಿದರು. ಅದೇ ಸಮಯಕ್ಕೆ ಅದೇ ಕಾಲೇಜಿನಲ್ಲಿ ಜವಾಹರಲಾಲ್ ನೆಹರೂ ಕೂಡ ಓದುತ್ತಿದ್ದರು. ಐಸಿಎಸ್ ಪಾಸು ಮಾಡಿ ರಾಯರು ಬಂಗಾಳಕ್ಕೆ ಬಂದರು, ಮುಂದೆ ಅಸ್ಸಾಮಿಗೆ. ಇವರಿಗೆ ಹಿಡಿಸಿದ ಕೆಲಸ ಕಾನೂನಿನದು. ಜಿಲ್ಲಾ ನ್ಯಾಯಾಧೀಶರಾದರು, ಅಸ್ಸಾಂ ಸರ್ಕಾರದ ಶಾಸನ ವಿಭಾಗ ನೋಡಿಕೊಂಡರು.

ಸ್ವಾತಂತ್ರ್ಯ ಹೋರಾಟದ ಕತೆಗಳಲ್ಲಿ ಇವರು ಸಿಗೋದಿಲ್ಲ. ಜೈಲಿಗೆ ಹೋಗಲಿಲ್ಲ, ಭಾಷಣ ಮಾಡಲಿಲ್ಲ. ಬ್ರಿಟಿಷ್ ಸರ್ಕಾರದ ನೌಕರರು, 1938ರಲ್ಲಿ ಸರ್ ಪದವಿ ಪಡೆದವರು. ಇದನ್ನ ಮುಚ್ಚಿಟ್ಟು ಬರೆದರೆ ನಾವು ಸುಳ್ಳು ಹೇಳಿದ ಹಂಗಾಗ್ತದೆ. ಆದರೆ ಆ ನೌಕರಿಯಲ್ಲಿ ಕಲಿತ ಕಸುಬೇ ಮುಂದೆ ದೇಶಕ್ಕೆ ಬೇಕಾಯಿತು.

ಇಡೀ ಕೋಡ್‌ಬೇಸ್ ತಿದ್ದಿದ ಹಾಗೆ

1935ರಲ್ಲಿ ಬ್ರಿಟಿಷ್ ಸಂಸತ್ತು ಭಾರತ ಸರ್ಕಾರ ಕಾಯಿದೆ ಮಾಡಿತು. ಪ್ರಾಂತ್ಯಗಳಿಗೆ ಹೊಸ ಅಧಿಕಾರ, ಕೇಂದ್ರಕ್ಕೆ ಬೇರೆ ಅಧಿಕಾರ ಅಂತ ಹಂಚಿತು. ಹಂಚಿದ್ದೇನೋ ಹೌದು, ಅದಕ್ಕಿಂತ ಮೊದಲು ಮಾಡಿದ ನೂರಾರು ಕಾನೂನುಗಳ ಗತಿ ಏನು? ಒಂದೊಂದರಲ್ಲೂ ಹಳೆಯ ಅಧಿಕಾರಿಯ ಹೆಸರು, ಹಳೆಯ ಸಭೆಯ ಹೆಸರು ಇರ್ತದೆ. ಎಲ್ಲವನ್ನೂ ಹೊಸ ಕಾಯಿದೆಗೆ ಹೊಂದಿಸಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಲೈಬ್ರರಿಯ ಹೊಸ ವರ್ಷನ್ ಬಂದಾಗ ಹಳೇ ಪ್ರಾಜೆಕ್ಟಿನ ಪ್ರತಿ ಫೈಲನ್ನೂ ತೆರೆದು, ಎಲ್ಲೂ ಮುರಿಯದ ಹಂಗ ತಿದ್ದೋ ಕೆಲಸ. ಇಡೀ ದೇಶದ ಕಾನೂನು ಪುಸ್ತಕವನ್ನು ತಿದ್ದೋ ಈ ಕೆಲಸ ರಾಯರ ಪಾಲಿಗೆ ಬಂತು. ಸುಮಾರು ಒಂದೂವರೆ ವರ್ಷದಲ್ಲಿ ಮುಗಿಸಿದರು.

ಆಮೇಲೆ ಕಲಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. 1941ರಲ್ಲಿ ಇನ್ನೊಂದು ಕೆಲಸ ಬಂತು. ಸಿಂಧೂ ನದಿಯ ನೀರಿಗಾಗಿ ಪಂಜಾಬಿಗೂ ಸಿಂಧ್ ಪ್ರಾಂತ್ಯಕ್ಕೂ ಜಗಳ. ಮೇಲಿನವರು ಅಣೆಕಟ್ಟು ಕಟ್ಟಿದರೆ ಕೆಳಗಿನವರ ಕಾಲುವೆ ಒಣಗ್ತದೆ. ವಿಚಾರಣೆಗೆ ಕೂತ ಆಯೋಗದ ಅಧ್ಯಕ್ಷರು ಇವರೇ, ಪಕ್ಕದಲ್ಲಿ ಇಂಜಿನಿಯರುಗಳು. 1942ರಲ್ಲಿ ವರದಿ ಕೊಟ್ಟರು. ನದಿ ಹರಿಯುವ ಒಂದು ಪ್ರಾಂತ್ಯ ತನ್ನಿಷ್ಟ ಬಂದ ಹಾಗೆ ನೀರು ಎತ್ತಿಕೊಳ್ಳೋ ಹಾಗಿಲ್ಲ, ಎಲ್ಲರಿಗೂ ನ್ಯಾಯವಾದ ಪಾಲು ಇರಬೇಕು ಅನ್ನೋದು ಅದರ ತಿರುಳು. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಹತ್ತಿರ ಮಲಪ್ರಭೆ ಹುಟ್ಟೋದನ್ನ ನೋಡಿದವರಿಗೆ, ಮಹದಾಯಿ ಅಂದ ಕೂಡಲೇ ಬಂದ್ ನೆನಪಾಗೋ ನಮ್ಮ ಭಾಗದವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಿಲ್ಲ. ಹಿಂದೂ ಕಾನೂನು ಸುಧಾರಣೆಗೆ ಮಾಡಿದ ಸಮಿತಿಗೂ ಇವರೇ ಅಧ್ಯಕ್ಷರು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಪ್ರಶ್ನೆ ಆ ಸಮಿತಿಯ ಮುಂದಿತ್ತು. 1944-45ರಲ್ಲಿ ಕೆಲಕಾಲ ಜಮ್ಮು ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದರು. ಮಹಾರಾಜರ ಜೊತೆ ಸರಿಹೋಗದೆ ಬಿಟ್ಟು ಬಂದರು.

ಓಟಿಲ್ಲದ ಮನುಷ್ಯ

1946ರ ಜುಲೈನಲ್ಲಿ ರಾಯರು ಸಂವಿಧಾನ ಸಭೆಯ ಸಲಹೆಗಾರರಾದರು. ಸಂಬಳ ತೆಗೆದುಕೊಳ್ಳಲಿಲ್ಲ. ಸಭೆಯ ಸದಸ್ಯರೂ ಆಗಿರಲಿಲ್ಲ, ಆದ್ದರಿಂದ ಓಟು ಇಲ್ಲ. ಇವರ ಕೆಲಸ ಬೇರೆಯವರು ತೀರ್ಮಾನ ಮಾಡೋದಕ್ಕೆ ಬೇಕಾದ್ದನ್ನ ಸಿದ್ಧ ಮಾಡಿ ಕೊಡೋದು. ಬೇರೆ ಬೇರೆ ದೇಶಗಳ ಸಂವಿಧಾನಗಳಲ್ಲಿ ಏನೇನಿದೆ ಅಂತ ಪುಸ್ತಕಗಳನ್ನ ಮಾಡಿ ಸದಸ್ಯರಿಗೆ ಹಂಚಿದರು. 1947ರ ಮಾರ್ಚಿನಲ್ಲಿ ಪ್ರಶ್ನಾವಳಿ ಕಳಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಸುಮಾರು 240 ವಿಧಿ, 13 ಅನುಸೂಚಿಗಳ ಮೊದಲ ಕರಡು ಮುಗಿಸಿದರು.

ಆಮೇಲೆ ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ಸುತ್ತಿ ಬಂದರು. ಸಂವಿಧಾನ ನಡೆಸಿ ಅನುಭವ ಇದ್ದವರನ್ನು ಕಂಡು ಅವರಿಗೆ ಎಲ್ಲಿ ಕಾಲು ಜಾರಿತ್ತು ಅಂತ ಕೇಳಿದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜೊತೆ ಆಡಿದ ಮಾತು ಪ್ರಸಿದ್ಧವಾಗಿದೆ. ಅಮೆರಿಕದ ಸಂವಿಧಾನದಲ್ಲಿರೋ ಕಾನೂನಿನ ಸೂಕ್ತ ಪ್ರಕ್ರಿಯೆ ಅನ್ನೋ ಪದಗಳು ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡ್ತವೆ ಅಂತ ಅವರು ಎಚ್ಚರಿಸಿದರು. ರಾಯರು ಅದನ್ನು ಒಪ್ಪಿದರು. ಕೊನೆಗೆ ನಮ್ಮ 21ನೇ ವಿಧಿಯಲ್ಲಿ ಕಾನೂನು ಸ್ಥಾಪಿಸಿದ ಕಾರ್ಯವಿಧಾನ ಅನ್ನೋ ಪದಗಳು ಬಂದವು. ಇದು ಸರಿಯಾಯಿತೇ? ನಮಗೆ ಅನುಮಾನ ಇದೆ. ಸರ್ಕಾರ ಒಂದು ಕೆಟ್ಟ ಕಾನೂನು ಮಾಡಿ ಅದರ ಪ್ರಕಾರವೇ ಜೈಲಿಗೆ ಹಾಕಿದರೆ ಕೇಳೋರು ಯಾರು ಅನ್ನೋ ಪ್ರಶ್ನೆ ಹಂಗೇ ಉಳೀತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕಾರ್ಯವಿಧಾನ ನ್ಯಾಯವಾಗಿಯೂ ಇರಬೇಕು ಅಂತ ಹೇಳೋ ತನಕ ಸುಮಾರು ಮೂವತ್ತು ವರ್ಷ ಬೇಕಾದವು. ರಾಯರು ದೊಡ್ಡವರು, ಹಂಗಂತ ಅವರು ಹೇಳಿದ್ದೆಲ್ಲ ಸರಿ ಅಂತಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ವರ್ಷಕ್ಕೆರಡು ಸಲ, ನವೆಂಬರ್ 26ಕ್ಕೂ ಏಪ್ರಿಲ್ 14ಕ್ಕೂ, ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಫಾರ್ವರ್ಡ್ ಬರ್ತದೆ. ಸಂವಿಧಾನ ಬರೆದವರು ನಿಜಕ್ಕೂ ರಾವ್, ಅಂಬೇಡ್ಕರ್ ಅಲ್ಲ ಅಂತ. ರಾಯರ ಬದುಕು ಓದಿದ ಮೇಲೆ ನಮಗೆ ಅದು ರಾಯರಿಗೇ ಮಾಡೋ ಅವಮಾನ ಅನಿಸಿತು. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಆ ಮೊದಲ ಕರಡನ್ನು ಬಿಚ್ಚಿ, ತಿದ್ದಿ, 1948ರ ಫೆಬ್ರವರಿಯಲ್ಲಿ 315 ವಿಧಿಗಳ ಬೇರೆಯದೇ ಕರಡು ಕೊಟ್ಟಿತು. ಸಭೆಯಲ್ಲಿ ಒಂದೊಂದು ವಿಧಿಗೂ ಎದ್ದು ನಿಂತು ಉತ್ತರ ಕೊಟ್ಟವರು ಅಂಬೇಡ್ಕರ್. ಕೊನೆಗೆ ಆಗಿದ್ದು 395 ವಿಧಿ. 1949ರ ನವೆಂಬರ್ 25ರ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ ರಾಯರಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಅಂಬೇಡ್ಕರ್ ತಾವೇ ಮುಕ್ತವಾಗಿ ಕೊಟ್ಟರು. ಅವರಿಬ್ಬರ ನಡುವೆ ಇಲ್ಲದ ಜಗಳವನ್ನು ನಾವು ಫೋನಿನಲ್ಲಿ ಹಚ್ಚೋದು ಯಾಕೆ?

ಕೆನಡಾದ ತೂತು

ಈಗ ಆ ಡ್ರಮ್ಮಿನ ದಾರಿಗೆ ಬರೋಣ. ಒಪ್ಪಂದ ಅಂದ್ರೆ ನಮ್ಮ ತಲೆಯಲ್ಲಿ ಬರೋ ಚಿತ್ರ ಒಂದು: ಇಬ್ಬರು ನಾಯಕರು, ಎರಡು ಫೈಲು, ಸಹಿ, ಕೈಕುಲುಕು, ಫೋಟೋ. ಅದು ಪ್ರಾಜೆಕ್ಟಿನ ಸಿನಾಪ್ಸಿಸ್ ಕೊಟ್ಟಂಗ ಅಷ್ಟೆ. ಅದರ ಮೇಲೆ ಅನುಮೋದನೆ ಅಂತ ಎರಡನೇ ಹಂತ ಇರ್ತದೆ. ಅಮೆರಿಕದಲ್ಲಿ ಅದಕ್ಕೆ ಸೆನೆಟ್ಟಿನ ಮೂರನೇ ಎರಡು ಭಾಗ ಒಪ್ಪಬೇಕು. ನಮ್ಮಲ್ಲಿ ಸಂಸತ್ತಿನ ಓಟು ಬೇಕಿಲ್ಲ, ಕೇಂದ್ರ ಸರ್ಕಾರವೇ ಅನುಮೋದಿಸ್ತದೆ. ಮೂರನೇ ಹಂತವೇ ಕಷ್ಟದ್ದು. ದೇಶದೊಳಗೆ ಕಾನೂನು ಮಾಡಿ ಅದನ್ನ ನಡೆಸೋದು. ಅಲ್ಲಿ ತನಕ ಹೊರದೇಶಕ್ಕೆ ಕೊಟ್ಟ ಮಾತು ಒಳಗಿನ ಪೊಲೀಸಪ್ಪನನ್ನಾಗಲಿ ಕಾರ್ಖಾನೆ ಮಾಲೀಕನನ್ನಾಗಲಿ ಕಟ್ಟಿಹಾಕೋದಿಲ್ಲ.

ಈ ಮೂರನೇ ಹಂತದಲ್ಲಿ ಕೆನಡಾ ಎಡವಿ ಬಿದ್ದಿತ್ತು. ಕೆಲಸದ ಗಂಟೆ, ವಾರದ ರಜೆ, ಕನಿಷ್ಠ ಕೂಲಿ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದಗಳನ್ನು ಅದು ಅನುಮೋದಿಸಿ, ಅವನ್ನು ನಡೆಸಲು ಕಾನೂನು ಮಾಡಿತು. 1937ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ಕಾನೂನುಗಳನ್ನು ಹೊಡೆದುಹಾಕಿತು. ಕಾರಣ, ಆ ವಿಷಯಗಳು ಪ್ರಾಂತ್ಯಗಳಿಗೆ ಸೇರಿದ್ದು, ಒಪ್ಪಂದ ಆಯಿತು ಅಂದ ಮಾತ್ರಕ್ಕೆ ಕೇಂದ್ರಕ್ಕೆ ಅಧಿಕಾರ ಬರೋದಿಲ್ಲ. ಅಂದ್ರೆ ಜಗತ್ತಿಗೆ ಮಾತು ಕೊಡೋನೊಬ್ಬ, ಅದನ್ನ ನಡೆಸೋನು ಇನ್ನೊಬ್ಬ. ನಮ್ಮ 1935ರ ಕಾಯಿದೆಯ 106ನೇ ಕಲಮಿನಲ್ಲೂ ಇಂಥದೇ ಕಟ್ಟು ಇತ್ತು. ಒಪ್ಪಂದ ಜಾರಿಗೆ ಅಂತ ಕೇಂದ್ರ ಶಾಸನ ಸಭೆ ಪ್ರಾಂತ್ಯದ ವಿಷಯಕ್ಕೆ ಕೈಹಾಕಬೇಕಾದರೆ ಗವರ್ನರನ, ಸಂಸ್ಥಾನವಾದರೆ ರಾಜನ ಒಪ್ಪಿಗೆ ಮೊದಲೇ ಬೇಕು. ಆ ಕಾಯಿದೆಗೆ ದೇಶದ ಕಾನೂನನ್ನೆಲ್ಲ ಹೊಂದಿಸಿದ್ದವರು ರಾಯರು. ಕೆನಡಾವನ್ನೂ ನೋಡಿ ಬಂದವರು.

ಹೊಸ ಸಂವಿಧಾನ ಈ ತೂತು ಮುಚ್ಚಿತು. 253ನೇ ವಿಧಿಯ ಪ್ರಕಾರ ಯಾವುದೇ ದೇಶದ ಜೊತೆಗಿನ ಒಪ್ಪಂದ, ಅಂತರರಾಷ್ಟ್ರೀಯ ಸಮ್ಮೇಳನದ ತೀರ್ಮಾನ ಇದ್ದರೆ, ಅದನ್ನು ಜಾರಿಗೆ ತರಲು ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಬಹುದು. ವಿಷಯ ರಾಜ್ಯ ಪಟ್ಟಿಯಲ್ಲಿದ್ದರೂ ಸರಿ, ರಾಜ್ಯದ ಒಪ್ಪಿಗೆ ಬೇಕಿಲ್ಲ. ಜೊತೆಗೆ 51ನೇ ವಿಧಿ, ಅಂತರರಾಷ್ಟ್ರೀಯ ಕಾನೂನು ಮತ್ತು ಒಪ್ಪಂದಗಳಿಗೆ ಗೌರವ ಬೆಳೆಸಲು ರಾಜ್ಯ ಪ್ರಯತ್ನಿಸಬೇಕು ಅನ್ನುತ್ತದೆ. ಇವುಗಳಲ್ಲಿ ಯಾವ ಪದ ಯಾರ ಪೆನ್ನಿನದು ಅಂತ ಬೇರ್ಪಡಿಸೋದು ನಮ್ಮ ಉದ್ದೇಶ ಅಲ್ಲ. ಒಂದು ಕಟ್ಟಡಕ್ಕೆ ಅಡಿಪಾಯ ಹಾಕಿದವರ ಹೆಸರು ಪ್ರತಿ ಇಟ್ಟಿಗೆ ಮೇಲೆ ಇರೋದಿಲ್ಲ. ನಾವು ಹೇಳೋದಿಷ್ಟೆ: ಅವರು ಕರಡು ಬರೆಯುವಾಗ ಮಂಗಳೂರು ಮದ್ರಾಸಿನಲ್ಲಿತ್ತು, ನಮ್ಮ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು, ನೂರಾರು ಸಂಸ್ಥಾನಗಳು ಈಗಷ್ಟೇ ಸೇರುತ್ತಿದ್ದವು. ಅಂಥ ಹೊತ್ತಿನಲ್ಲಿ ಇಡೀ ದೇಶದ ಪರವಾಗಿ ಕೊಟ್ಟ ಮಾತನ್ನು ಇಡೀ ದೇಶ ನಡೆಸಿಕೊಡೋ ಹಾಗೆ ವ್ಯವಸ್ಥೆ ಮಾಡೋದು ಸಣ್ಣ ಮಾತಾಗಿರಲಿಲ್ಲ.

ನ್ಯೂಯಾರ್ಕಿನ ಒಂದು ರಾತ್ರಿ

ಸಂವಿಧಾನ ಮುಗಿಯುವ ಹೊತ್ತಿಗೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. ಅಂತರರಾಷ್ಟ್ರೀಯ ಕಾನೂನು ಆಯೋಗದಲ್ಲೂ ಸದಸ್ಯರು. 1950-51ರಲ್ಲಿ ಭಾರತ ಭದ್ರತಾ ಮಂಡಳಿಯಲ್ಲಿತ್ತು. ಅಲ್ಲಿ ಇದ್ದವರಿಗೆ ಅಣುಶಕ್ತಿ ಮತ್ತು ಸಾಂಪ್ರದಾಯಿಕ ಶಸ್ತ್ರಗಳ ಎರಡು ಆಯೋಗಗಳಲ್ಲೂ ಜಾಗ ಇರ್ತಿತ್ತು. ಆದರೆ ಕೆಲಸ ನಡೀಬೇಕಲ್ಲ? 1949ರ ಆಗಸ್ಟ್‌ನಲ್ಲಿ ಸೋವಿಯತ್ ದೇಶ ಮೊದಲ ಅಣುಬಾಂಬು ಸಿಡಿಸಿತು. 1950ರ ಜನವರಿಯಲ್ಲಿ, ಚೀನಾದ ಕುರ್ಚಿ ಯಾರದು ಅನ್ನೋ ಜಗಳದಲ್ಲಿ ಸೋವಿಯತ್ ಪ್ರತಿನಿಧಿ ಎದ್ದು ಹೋದರು. ಶಸ್ತ್ರ ಕಡಿಮೆ ಮಾಡೋ ಮಾತು ಅಲ್ಲೇ ನಿಂತಿತು.

1950ರ ಜೂನ್ ತಿಂಗಳಿಗೆ ಮಂಡಳಿಯ ಅಧ್ಯಕ್ಷತೆ ಸರದಿಯ ಪ್ರಕಾರ ಭಾರತಕ್ಕೆ ಬಂತು. ಅಂದ್ರೆ ರಾಯರಿಗೆ. ಜೂನ್ 25ರಂದು ಉತ್ತರ ಕೊರಿಯಾದ ಸೇನೆ ಗಡಿ ದಾಟಿತು. ಅವತ್ತೇ ಸಭೆ. ದಾಳಿ ನಿಲ್ಲಿಸಬೇಕು ಅನ್ನೋ ಗೊತ್ತುವಳಿಗೆ ಭಾರತ ಓಟು ಹಾಕಿತು. ಜೂನ್ 27ರಂದು ಎರಡನೇ ಗೊತ್ತುವಳಿ ಬಂತು: ದಕ್ಷಿಣ ಕೊರಿಯಾಕ್ಕೆ ಸೈನಿಕ ನೆರವು ಕೊಡಬೇಕು. ಇದು ಯುದ್ಧದ ಮಾತು. ರಾಯರಿಗೆ ದೆಹಲಿಯ ಸೂಚನೆ ಬೇಕಿತ್ತು. ಆಗ ಇದ್ದಿದ್ದು ತಂತಿ, ಟ್ರಂಕ್ ಕಾಲ್. ಸಭೆಯನ್ನು ಗಂಟೆಗಟ್ಟಲೆ ನಿಲ್ಲಿಸಿ ಕಾದರು. ರಾತ್ರಿಯಾದರೂ ಉತ್ತರ ಬರಲಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಆ ಗೊತ್ತುವಳಿಯನ್ನು ಓಟಿಗೆ ಹಾಕಿದರು. ಭಾರತದ ಪ್ರತಿನಿಧಿಯಾಗಿ ಓಟಿನಲ್ಲಿ ಭಾಗವಹಿಸಲಿಲ್ಲ. ಗೊತ್ತುವಳಿ ಪಾಸಾಯಿತು. ಎರಡು ದಿನದ ಮೇಲೆ ಭಾರತ ಒಪ್ಪಿತು, ಆದರೆ ಕಾದಾಡುವ ಸೈನ್ಯ ಕಳಿಸಲಿಲ್ಲ, ವೈದ್ಯಕೀಯ ತುಕಡಿ ಕಳಿಸಿತು.

ಅವರಿಗೆ ಆ ಹೊತ್ತಿನಲ್ಲಿ ತಮ್ಮದೇ ಅಭಿಪ್ರಾಯ ಇದ್ದಿರಲೇಬೇಕು. ಜಗತ್ತೆಲ್ಲ ನೋಡ್ತಿರುವಾಗ ಕೈ ಎತ್ತಿಬಿಡೋದು ಸುಲಭವಾಗಿತ್ತು. ಆದರೆ ದೇಶದ ಪರವಾಗಿ ಮಾತು ಕೊಡೋಕೆ ದೇಶದ ಅಪ್ಪಣೆ ಬೇಕು, ಅಪ್ಪಣೆ ಇಲ್ಲದ ಮಾತು ಮಾತೇ ಅಲ್ಲ. 253ನೇ ವಿಧಿಯ ಹಿಂದೆ ಇರೋ ಯೋಚನೆಯೂ ಇದೇ ಅಂತ ನಮಗೆ ಅನಿಸ್ತದೆ. ಕೊಡೋಕೆ ಮೊದಲು ನಡೆಸೋಕಾಗ್ತದಾ ನೋಡು.

ಚೀನಾದ ಸೈನ್ಯ ಯುದ್ಧಕ್ಕೆ ಇಳಿದ ಮೇಲೆ, 1950ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಕದನವಿರಾಮಕ್ಕೆ ದಾರಿ ಹುಡುಕಲು ಮೂವರ ತಂಡ ಮಾಡಿತು: ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಭಾರತದ ರಾವ್. ಆ ಪ್ರಯತ್ನ ಫಲ ಕೊಡಲಿಲ್ಲ. ಚೀನಾ ಒಪ್ಪಲಿಲ್ಲ. ಬಂದೂಕು ನಿಂತಿದ್ದು 1953ರ ಜುಲೈ 27ಕ್ಕೆ. ಅಷ್ಟರಲ್ಲಿ ಲಕ್ಷಾಂತರ ಜನ ಸತ್ತಿದ್ದರು.

ಹೇಗ್ ನಗರದಲ್ಲಿ

1952ರ ಫೆಬ್ರವರಿಯಿಂದ ರಾಯರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರು. ಅದೇ ವರ್ಷ ಬ್ರಿಟನ್ ಮತ್ತು ಇರಾನ್ ನಡುವಿನ ತೈಲ ಕಂಪನಿಯ ದೊಡ್ಡ ಮೊಕದ್ದಮೆ ಬಂತು. ಆ ಪೀಠದಲ್ಲಿ ರಾಯರು ಕೂರಲಿಲ್ಲ. ಹಿಂದಿನ ವರ್ಷ ಅದೇ ವಿಷಯ ಭದ್ರತಾ ಮಂಡಳಿಗೆ ಬಂದಾಗ ತಾವು ಭಾರತದ ಪ್ರತಿನಿಧಿಯಾಗಿ ಅಲ್ಲಿದ್ದೆ, ಹಾಗಾಗಿ ಈಗ ನ್ಯಾಯ ಹೇಳೋದು ಸರಿಯಲ್ಲ ಅನ್ನೋದು ಅವರ ಲೆಕ್ಕ.

ಅಲ್ಲಿ ಅವರಿಗೆ ಹೆಚ್ಚು ದಿನ ಸಿಗಲಿಲ್ಲ. ಕ್ಯಾನ್ಸರ್ ಬಂದಿತ್ತು. 1953ರ ನವೆಂಬರ್ 30ರಂದು ಜ್ಯೂರಿಕ್ ನಗರದಲ್ಲಿ ತೀರಿಕೊಂಡರು. ವಯಸ್ಸು 66. ಅವರು ತಡೆಯೋಕೆ ಹೋಗಿ ತಡೆಯಲಾಗದ ಆ ಕೊರಿಯಾದಲ್ಲಿ ಅದೇ ಹೊತ್ತಿಗೆ ಕೊಡಗಿನ ಜನರಲ್ ತಿಮ್ಮಯ್ಯನವರು ಯುದ್ಧಕೈದಿಗಳ ಪ್ರಶ್ನೆ ಬಗೆಹರಿಸುವ ತಟಸ್ಥ ದೇಶಗಳ ಆಯೋಗದ ಅಧ್ಯಕ್ಷರಾಗಿ ಕೂತಿದ್ದರು. ಮಂಗಳೂರಿನವರು ಶುರುಮಾಡಿದ ಕೆಲಸದ ಕೊನೆಯ ತುಂಡು ಮಡಿಕೇರಿಯವರ ಕೈಗೆ ಬಂದಿತ್ತು. ರಾಯರ ಬರಹಗಳನ್ನು ತಮ್ಮ ಶಿವರಾವ್ ಸೇರಿಸಿ, 1960ರಲ್ಲಿ ಪುಸ್ತಕ ಮಾಡಿದರು.

ಮತ್ತೆ ಆ ಡ್ರಮ್ಮು

ರಾಯರು ಹೋಗಿ 39 ವರ್ಷದ ಮೇಲೆ, 1993ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದವನ್ನು ಸಹಿಗೆ ಇಟ್ಟರು. ವಿಷಾನಿಲದ ಬಗ್ಗೆ 1925ರ ಜಿನೀವಾ ಪ್ರೋಟೊಕಾಲ್ ಮೊದಲೇ ಇತ್ತು, ಅದಕ್ಕೆ ಬ್ರಿಟಿಷ್ ಕಾಲದ ಭಾರತದ ಸಹಿಯೂ ಇತ್ತು. ಆದರೆ ಅದು ಯುದ್ಧದಲ್ಲಿ ಬಳಸಬೇಡ ಅಂತ ಹೇಳಿತ್ತೇ ಹೊರತು ತಯಾರಿಸಬೇಡ, ಇಟ್ಟುಕೊಳ್ಳಬೇಡ ಅಂತ ಹೇಳಿರಲಿಲ್ಲ. ಹೊಸ ಒಪ್ಪಂದ ಎಲ್ಲವನ್ನೂ ನಿಷೇಧಿಸಿತು, ಇದ್ದದ್ದನ್ನು ನಾಶ ಮಾಡು ಅಂತು, ಬಂದು ನೋಡ್ತೀವಿ ಅಂತಲೂ ಅಂತು. ಭಾರತ 1993ರ ಜನವರಿ 14ರಂದು ಸಹಿ ಹಾಕಿತು. 1996ರ ಸೆಪ್ಟೆಂಬರ್ 3ರಂದು ಅನುಮೋದಿಸಿತು. 1997ರ ಏಪ್ರಿಲ್ 29ರಂದು ಒಪ್ಪಂದ ಜಾರಿಗೆ ಬಂತು. ಆಗ ಭಾರತ ತನ್ನ ಹತ್ತಿರ ಸಾವಿರ ಟನ್ನಿಗಿಂತ ಸ್ವಲ್ಪ ಹೆಚ್ಚು ಮಸ್ಟರ್ಡ್ ವಿಷ ಇದೆ ಅಂತ ಜಗತ್ತಿನ ಮುಂದೆ ಹೇಳಿಕೊಂಡಿತು. 2009ರ ಹೊತ್ತಿಗೆ ಅಷ್ಟನ್ನೂ ನಾಶಮಾಡಿ ಮುಗಿಸಿತು.

ಸರ್ಕಾರದ ಗೋದಾಮಿನ ಮಾತು ಅದು. ಖಾಸಗಿ ಕಾರ್ಖಾನೆಗಳ ಕತೆ? ಅಲ್ಲಿಗೆ ಕಾನೂನು ಬೇಕು. ರಾಸಾಯನಿಕ ಅಸ್ತ್ರ ಒಪ್ಪಂದ ಕಾಯಿದೆಯನ್ನು ಸಂಸತ್ತು ಮಾಡಿದ್ದು 2000ದಲ್ಲಿ, ಅದು ಜಾರಿಗೆ ಬಂದಿದ್ದು 2005ರ ಜುಲೈ 1ಕ್ಕೆ. ಸಹಿಯಿಂದ ಜಾರಿಗೆ 12 ವರ್ಷ. ಅನುಸೂಚಿಯಲ್ಲಿರೋ ರಾಸಾಯನಿಕ ತಯಾರಿಸೋ ಕಾರ್ಖಾನೆಗಳು ಲೆಕ್ಕ ಕೊಡಬೇಕು, ತಪಾಸಣೆಗೆ ಬಾಗಿಲು ತೆರೆಯಬೇಕು. ಮೂರನೇ ಅನುಸೂಚಿಯ ಪದಾರ್ಥಕ್ಕೆ ಒಪ್ಪಂದದ ಮಿತಿ ವರ್ಷಕ್ಕೆ 30 ಟನ್ ಉತ್ಪಾದನೆ. ಆದ್ದರಿಂದ ಗಾಬರಿ ಬೇಡ, ಲೇತ್ ಪಕ್ಕದ ಡ್ರಮ್ಮು ನೋಡಲು ಹೇಗ್‌ನಿಂದ ಯಾರೂ ಬರೋದಿಲ್ಲ. ಅದರೊಳಗಿನ ವಸ್ತುವನ್ನು ರಾಶಿಗಟ್ಟಲೆ ತಯಾರಿಸೋ ಕಡೆ ಬರ್ತಾರೆ. ಆ ಕಾರ್ಖಾನೆ ಗುಜರಾತಿನಲ್ಲಿರಲಿ ಕರ್ನಾಟಕದಲ್ಲಿರಲಿ ಒಂದೇ ಕಾನೂನು. ಒಂದು ರಾಜ್ಯ ಒಲ್ಲೆ ಅಂದಿದ್ದರೆ ಇಡೀ ಒಪ್ಪಂದ ತೂತು ಬಿದ್ದ ಕೊಡ ಆಗ್ತಿತ್ತು. ಹಂಗಾಗದಂತೆ ನೋಡಿಕೊಂಡಿದ್ದು ಸಂವಿಧಾನದ ಆ ಮೂರಂಕಿಯ ಸಂಖ್ಯೆ.

ಅಮೆರಿಕದಲ್ಲಿ ಇದೇ ಒಪ್ಪಂದದ ಕಾನೂನು ಒಂದು ವಿಚಿತ್ರ ಕೇಸಿಗೆ ಹೋಗಿತ್ತು. ಗಂಡನ ವಿಷಯದಲ್ಲಿ ಸಿಟ್ಟಾದ ಒಬ್ಬಾಕೆ ಇನ್ನೊಬ್ಬಾಕೆಯ ಕಾರಿನ ಬಾಗಿಲಿಗೆ, ಮನೆ ಹಿಡಿಕೆಗೆ ರಾಸಾಯನಿಕ ಸವರಿದಳು, ಹೆಬ್ಬೆರಳು ಸ್ವಲ್ಪ ಸುಟ್ಟಿತು. ಸರ್ಕಾರ ಹಾಕಿದ್ದು ರಾಸಾಯನಿಕ ಅಸ್ತ್ರದ ಕೇಸು! 2014ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಇಂಥ ಜಗಳ ರಾಜ್ಯದ ಪೊಲೀಸರು ನೋಡಿಕೊಳ್ಳೋದು, ಆ ಕಾನೂನು ಇಲ್ಲಿಗೆ ಬರೋದಿಲ್ಲ ಅಂತ ಹೇಳಬೇಕಾಯಿತು. ಒಪ್ಪಂದದ ಕೈ ಎಲ್ಲಿ ತನಕ ಚಾಚಬಹುದು ಅನ್ನೋ ಪ್ರಶ್ನೆ ಎಲ್ಲ ಕಡೆ ಇದೆ.

ನಮ್ಮಲ್ಲೂ ಇದೆ. 253ಕ್ಕೆ ಇನ್ನೊಂದು ಮುಖ ಇದೆ. ಕೃಷಿ ರಾಜ್ಯದ ವಿಷಯ. ಆದರೆ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಕೇಂದ್ರ ಸಹಿ ಹಾಕುವಾಗ ರಾಜ್ಯಗಳ ಒಪ್ಪಿಗೆ ಬೇಕಾಗಲಿಲ್ಲ. ಡಂಕೆಲ್ ಪ್ರಸ್ತಾವದ ವಿರುದ್ಧ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ಬೀದಿಗೆ ಇಳಿದಿದ್ದನ್ನು ನಮ್ಮ ಮನೆಯ ಹಿರಿಯರು ಇನ್ನೂ ಹೇಳ್ತಾರೆ. ವಿಷಾನಿಲ ತಡೆಯೋಕೆ ಬೇಕಾದ ಅದೇ ಅಧಿಕಾರ, ರೈತನನ್ನು ಕೇಳದೆ ಬೀಜದ ಬಗ್ಗೆ ತೀರ್ಮಾನ ಮಾಡೋಕೂ ಸಿಗ್ತದೆ. ತೂತು ಮುಚ್ಚಿದ್ದು ಸರಿ, ಆದರೆ ಮುಚ್ಚೋ ಮೊದಲು ರಾಜ್ಯಗಳನ್ನು ಒಂದು ಮಾತು ಕೇಳೋ ಪದ್ಧತಿಯಾದರೂ ಇರಬೇಕಿತ್ತು ಅಂತ ನಮ್ಮಲ್ಲಿ ಇಬ್ಬರು ವಾದ ಮಾಡ್ತಾರೆ. ಮೂರನೆಯವರು ಒಪ್ಪೋದಿಲ್ಲ. ಗಾಡಿ ಬರೋ ತನಕ ಈ ವಾದ ಮುಗಿದಿಲ್ಲ.

ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ಮುಖ್ಯ ಕಚೇರಿ ಇರೋದೂ ಹೇಗ್‌ನಲ್ಲೇ, ರಾಯರು ಕೊನೆಗೆ ನ್ಯಾಯಾಧೀಶರಾಗಿದ್ದ ಊರಿನಲ್ಲಿ. 2013ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ಜೂನಿಯರ್‌ಗಳಿಗೆ ಈ ಸೆಮಿಸ್ಟರ್ ಸಂವಿಧಾನದ ಪೇಪರ್ ಇದೆ. ಪಿಡಿಎಫ್ ನಾವೇ ಕಳಿಸ್ತೀವಿ, ಚಿಂತೆ ಬೇಡ. ಬಿ. ಎನ್. ರಾವ್, 253, ಎರಡಕ್ಕೂ ಕಪ್ಪು ಮಾಡಿ ಬನ್ನಿ. ಆಮೇಲೆ ಯಾವಾಗಾದರೂ ವರ್ಕ್‌ಶಾಪಿಗೆ ಹೋದಾಗ ಡ್ರಮ್ಮಿನ ಮೇಲಿನ ಚೀಟಿ ಒಮ್ಮೆ ಓದಿ ನೋಡ್ರಿ.